ನಲವತ್ತಮೂರು ಭಾನುವಾರದ ಮಕ್ಕಳು

ಅಕ್ಟೋಬರ್ 3, ಸೋಮವಾರ

ಇಂದು ಸಾವಿರದ ಒಂಬೈನೂರ ತೊಂಬತ್ತನಾಲ್ಕನೆಯ ಇಸವಿಯ ಅಕ್ಟೋಬರ್ ಮೂರನೆಯ ತಾರೀಖು. ಈ ದಿನಚರಿಯ ಉದ್ದೇಶ ಒಂದೇ. ಒನ್ಯಿನಾಸೆ ಜಿಲ್ಲೆಯ ಜನನ ಮರಣ ನೋಂದಣಿ ಕಚೇರಿಯಲ್ಲಿ ನಾನು ಪದವೀಧರರಿಗೆ ಕಡ್ಡಾಯವಾದ ರಾಷ್ಟ್ರೀಯ ಸೇವೆ ಸಲ್ಲಿಸಲಿರುವ ಹನ್ನೊಂದು ತಿಂಗಳಲ್ಲಿ, ‘ಸ್ವತಂತ್ರ ಆಫ್ರಿಕದಲ್ಲಿ ಸರ್ಕಾರಿ ಸಂಸ್ಥೆಗಳು ಏಕೆ ನೆಟ್ಟಗೆ ನಿಲ್ಲುವುದಿಲ್ಲ’ ಎಂಬ ನನ್ನ ಪ್ರಬಂಧಕ್ಕೆ ಪ್ರತ್ಯಕ್ಷ ಸಾಕ್ಷ್ಯವನ್ನು ಕಲೆಹಾಕುವುದು. ಪ್ರಬಂಧವು ಮಾರ್ಚ್ 31ರೊಳಗೆ ವಿದೇಶದ ವಿದ್ಯಾರ್ಥಿವೇತನ ಸಮಿತಿಯನ್ನು ತಲುಪಬೇಕು. ಕಾರಣಗಳು ಒಟ್ಟು ಹದಿಮೂರು. ಅವು ಈಗಾಗಲೇ ಸಿದ್ಧವಾಗಿವೆ. ಬೇಕಾಗಿರುವುದು ಸಾಕ್ಷ್ಯ ಮಾತ್ರ. ಭಾವನೆಗಳಿಗೆ ಇಲ್ಲಿ ಸ್ಥಳವಿಲ್ಲ.

ಏಳು ಐವತ್ತೈದಕ್ಕೆ ನಾನು ಕಚೇರಿಯ ಬಾಗಿಲಲ್ಲಿದ್ದೆ. ಬಾಗಿಲು ಹತ್ತು ಗಂಟೆ ಹತ್ತು ನಿಮಿಷಕ್ಕೆ ತೆರೆಯಿತು. ತೆರೆದವನು ಗುಮಾಸ್ತ ಅಂಪೊನ್ಸಾ, ಅರವತ್ತರ ಸಮೀಪದ ಸಣಕಲು ಮನುಷ್ಯ. ಊರಿಗೆ ಊರೇ ಇವನನ್ನು ‘ವೋಫಾ’, ಅಂದರೆ ಸೋದರಮಾವ, ಎಂದು ಕರೆಯುತ್ತದೆ. ನಾನು ಕರೆಯುವುದಿಲ್ಲ; ಕಚೇರಿಯಲ್ಲಿ ಮಾವಂದಿರಿರುವುದು ಒಂಬತ್ತನೆಯ ಕಾರಣ.

ರಿಜಿಸ್ಟ್ರಾರ್ ತ್ವೆನೆಬೋವಾ ಅವರು ಇದ್ದಾರೆಯೇ ಎಂದು ಕೇಳಿದೆ. ಇದ್ದಾರೆ ಎಂದ. ಎಲ್ಲಿ ಎಂದೆ. ಅವನು ಒಳಗಿನ ಕುರ್ಚಿಯತ್ತ ಗಲ್ಲ ಎತ್ತಿ ತೋರಿಸಿದ. ಕುರ್ಚಿಯ ಬೆನ್ನಿಗೆ ಒಂದು ಬೂದು ಬಣ್ಣದ ಕೋಟು ತೂಗುಬಿದ್ದಿತ್ತು.

“ಕೋಟು ಇದೆಯಲ್ಲ ಮೇಡಂ. ಕೋಟಿದ್ರೆ ಸಾಹೇಬ್ರು ಇದ್ದ ಹಾಗೇನೇ.”

ಮೂರು ವರ್ಷವೂ ನೂರ ಹನ್ನೆರಡು ಮಂದಿಯ ತರಗತಿಗೆ ನಾನೇ ಮೊದಲಿಗಳಾಗಿದ್ದೆನೆಂದು ಅವನಿಗೆ ತಿಳಿಸಿದೆ. ಅವನು ಬಹಳ ಗೌರವದಿಂದ ಕೇಳಿಸಿಕೊಂಡು, ಬೆಳಿಗ್ಗೆ ಏನಾದರೂ ತಿಂದಿದ್ದೀರಾ ಎಂದು ವಿಚಾರಿಸಿದ.

ಅಕ್ಟೋಬರ್ 5, ಬುಧವಾರ

ಹಾಜರಿ ಪುಸ್ತಕವನ್ನು ಪರಿಶೀಲಿಸಿದೆ. ಗುಮಾಸ್ತ ಅಂಪೊನ್ಸಾ ನಾಳೆಯ ಸಹಿಯನ್ನೂ ಇಂದೇ ಹಾಕಿಬಿಟ್ಟಿದ್ದಾನೆ. ಪ್ರಶ್ನಿಸಿದ್ದಕ್ಕೆ, ನಾಳೆ ಮರೆತುಹೋದರೆ ಏನು ಗತಿ ಎಂದು ನನ್ನನ್ನೇ ಕೇಳಿದ. ಕರ್ತವ್ಯಪ್ರಜ್ಞೆಯ ಕುರಿತು ಇಪ್ಪತ್ತು ನಿಮಿಷ ಮಾತನಾಡಿದೆ. ಕೊನೆಯಲ್ಲಿ ಅವನು, ಮಗುವಿಗೆ ಜ್ವರ ಎಷ್ಟಿದೆಯೆಂದು ನೋಡುವವನಂತೆ ನನ್ನನ್ನು ನೋಡಿ ಹೇಳಿದ:

“ಅಬಾನ್ ಕೆಲಸ ತಲೆ ಮೇಲೆ ಹೊರೋದಲ್ಲ ಮೇಡಂ. ನೆಲದ ಮೇಲೆ ಎಳ್ಕೊಂಡು ಹೋಗೋದು.”

ಈ ಗಾದೆಯನ್ನು ನಾನು ಬಾಲ್ಯದಿಂದ ಕೇಳಿದ್ದೇನೆ ಮತ್ತು ಬಾಲ್ಯದಿಂದ ದ್ವೇಷಿಸಿದ್ದೇನೆ. ಅಬಾನ್ ಎಂದರೆ ಸರ್ಕಾರ. ಬಿಳಿಯರು ಕಡಲ ದಡದಲ್ಲಿ ಕಟ್ಟಿಕೊಂಡಿದ್ದ ಕಲ್ಲುಕೋಟೆಗೂ ಅದೇ ಪದ. ಬಿಳಿಯರು ಹೋಗಿ ಮೂವತ್ತೇಳು ವರ್ಷವಾಗಿದೆ. ಪದ ಮಾತ್ರ ಅಲ್ಲೇ ಕುಳಿತಿದೆ. ಏಳನೆಯ ಕಾರಣಕ್ಕೆ ಸಾಕ್ಷ್ಯ ದೊರೆಯಿತು.

ಕಚೇರಿಯ ಎದುರು ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಕೆಂಕೆ ಮಾರುವ ಫೋಸುವಾ ಎಂಬ ಹೆಂಗಸು ಮಧ್ಯಾಹ್ನ ಒಳಗೆ ಬಂದಳು. ಅವಳ ಮಗಳಿಗೆ ಸೂಲಗಿತ್ತಿಯರ ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿದೆ. ಡಿಸೆಂಬರ್ 15ರೊಳಗೆ ಜನನ ಪ್ರಮಾಣಪತ್ರ ಒಪ್ಪಿಸದಿದ್ದರೆ ಸೀಟು ಮುಂದಿನವರ ಪಾಲು. ಹುಡುಗಿ ಹುಟ್ಟಿದ್ದು 1976ರ ಆಗಸ್ಟ್‌ನಲ್ಲಿ. ಆ ವರ್ಷದ ರಿಜಿಸ್ಟರು ಬೀರುವಿನಲ್ಲಿದೆ, ಬೀರುವಿಗೆ ಬೀಗವಿದೆ, ಬೀಗದಕೈ ಸಾಹೇಬರ ಬಳಿ ಇದೆ, ಸಾಹೇಬರು ಸೀಟಿನಲ್ಲಿಲ್ಲ. ಜೂನ್ ತಿಂಗಳಿಂದ ಅವಳು ದಿನವೂ ಬರುತ್ತಿದ್ದಾಳಂತೆ.

“ಗುರುವಾರ ಹುಟ್ಟಿದ್ಲು, ಅದಕ್ಕೇ ಯಾ ಅಂತ ಕರೆದ್ವಿ,” ಎಂದಳು. “ಹುಟ್ಟೋಕೆ ಒಂದೇ ರಾತ್ರಿ ತಗೊಂಡ್ಲು ತಾಯಿ. ಹುಟ್ಟಿದಾಳೆ ಅಂತ ಹೇಳೋಕೆ ನಿಮ್ಮ ಆಫೀಸು ನಾಲ್ಕು ತಿಂಗಳು ತಗೊಳ್ತಿದೆ.”

ಒಂದು ವಾರದಲ್ಲಿ ಆಗುತ್ತದೆ ಎಂದು ಮಾತು ಕೊಟ್ಟೆ. ಎರಡು ಬಿಸಿ ಕೆಂಕೆ ಉಂಡೆಗಳನ್ನು ಎಲೆಯ ಸಮೇತ ಮುಂದಿಟ್ಟಳು. ಆತಿಥ್ಯವೇ ಭ್ರಷ್ಟಾಚಾರದ ಮೊದಲ ಮೆಟ್ಟಿಲೆಂದು ವಿವರಿಸಿ ನಿರಾಕರಿಸಿದೆ. ಅಂಪೊನ್ಸಾ ಎರಡೂ ಉಂಡೆಗಳನ್ನು ತಿಂದ.

ಅಕ್ಟೋಬರ್ 20, ಗುರುವಾರ

ಕೋಟು ಹಾಜರಿದೆ. ಸಾಹೇಬರು ಕುಟುಂಬದ ಸಾವಿಗೆ ಹೋಗಿದ್ದಾರೆ. ಅವರು ಆ ವಂಶದ ಯಜಮಾನರಾದ್ದರಿಂದ ಅವರಿಲ್ಲದೆ ಹೆಣ ಮಣ್ಣಿಗಿಳಿಯುವುದಿಲ್ಲ. ಈ ತಿಂಗಳಲ್ಲಿ ಇದು ನಾಲ್ಕನೆಯದು. ಆ ವಂಶದಲ್ಲಿ ಇನ್ನೂ ಎಷ್ಟು ಮಂದಿ ಉಳಿದಿದ್ದಾರೆಂಬ ಅಂಕಿಅಂಶ ನಮ್ಮಲ್ಲಿ ಲಭ್ಯವಿಲ್ಲ, ಅದೂ ಬೀರುವಿನಲ್ಲಿದೆ.

ಫೋಸುವಾ ಬಂದಿದ್ದಳು. ಕೆಂಕೆಯನ್ನು ನಿರಾಕರಿಸಿದೆ. ವಾಸನೆ ಚೆನ್ನಾಗಿತ್ತು. ಇದು ಸಾಕ್ಷ್ಯವಲ್ಲ.

ನವೆಂಬರ್ 4, ಶುಕ್ರವಾರ

ರಿಜಿಸ್ಟ್ರಾರ್ ತ್ವೆನೆಬೋವಾ ಅವರು ಇಂದು ಖುದ್ದಾಗಿ ದರ್ಶನವಿತ್ತರು. ಕಪ್ಪು ಮತ್ತು ಕೆಂಪು ಬಟ್ಟೆಯನ್ನು ಹೆಗಲ ಮೇಲಿಂದ ಹೊದ್ದು, ಒಂದು ಸಾವಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿದ್ದರು. ತೂಕದ ಮನುಷ್ಯ, ಮೃದು ಧ್ವನಿ. ನಾನು ಮೊದಲೇ ಬರೆದಿಟ್ಟಿದ್ದ ಮನವಿಯನ್ನು ನಿಂತು ಓದಿದೆ: ಬೀಗದಕೈ ಇಲ್ಲದ ಕಾರಣ ಮೂವತ್ತೆರಡು ದಿನಗಳಿಂದ ಸಾರ್ವಜನಿಕ ಸೇವೆ ಸ್ಥಗಿತಗೊಂಡಿದೆ, ಇತ್ಯಾದಿ. ಅವರು ಕೊನೆಯವರೆಗೂ ತಲೆದೂಗಿದರು. ಆಮೇಲೆ ಕುರ್ಚಿಯ ಬೆನ್ನಿಗಿದ್ದ ಕೋಟಿನ ಜೇಬಿಗೆ ಕೈಹಾಕಿ ಬೀಗದಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು.

“ತಗೋ ಮಗು. ಯಾರೂ ಕೇಳ್ಲೇ ಇಲ್ವಲ್ಲ.”

ಅವರು ಹೋದ ಮೇಲೆ ಅಂಪೊನ್ಸಾನತ್ತ ತಿರುಗಿದೆ. ಅದು ಅಲ್ಲೇ ಇದ್ದದ್ದು ಅವನಿಗೆ ಗೊತ್ತಿತ್ತಂತೆ. ಜೂನ್ ತಿಂಗಳಿಂದಲೂ ಗೊತ್ತಿತ್ತಂತೆ.

“ಹಿರಿಯರ ಜೇಬಿಗೆ ಕೈ ಹಾಕೋದಾ ಮೇಡಂ? ನಮ್ಮನ್ನ ಹೆತ್ತೋರು ಏನಂದ್ಕೋಬೇಕು?”

ಐದು ತಿಂಗಳು ಒಂದು ಜಿಲ್ಲೆಯ ಜನನಗಳೆಲ್ಲ ಒಂದು ಜೇಬಿನಲ್ಲಿದ್ದವು, ಮರ್ಯಾದೆಯ ಕಾವಲಿನಲ್ಲಿ. ಇದನ್ನು ಯಾವ ಕಾರಣದ ಕೆಳಗೆ ಹಾಕಬೇಕೆಂದು ತಿಳಿಯುತ್ತಿಲ್ಲ.

ನವೆಂಬರ್ 8, ಮಂಗಳವಾರ

ಇಂದು ಈ ಕಚೇರಿಯ ಇತಿಹಾಸದಲ್ಲಿ ಸ್ಮರಣೀಯ ದಿನವೆಂದು ಹೇಳಿದರೆ ಅತಿಶಯವಾಗದು.

ಬೀರು ತೆರೆದೆ. 1976ರ ರಿಜಿಸ್ಟರಿಗೆ ಗೆದ್ದಲು ಹತ್ತಿದೆ, ಆದರೆ ಗೆದ್ದಲಿಗೂ ಒಂದು ಶಿಸ್ತಿದೆ: ಆಗಸ್ಟ್ ಹಾಳೆಗಳಲ್ಲಿ ತಾರೀಖಿನ ಕಾಲಂ ಒಂದನ್ನೇ ಮೇಲಿನಿಂದ ಕೆಳಗಿನವರೆಗೆ ತಿಂದು ಮುಗಿಸಿದೆ. ಹೆಸರು, ತಾಯಿತಂದೆ, ಊರು ಎಲ್ಲವೂ ಕ್ಷೇಮ. ಒಟ್ಟು ನಲವತ್ತಮೂರು ಜನನಗಳು.

ಎದೆಗುಂದಲಿಲ್ಲ. ಬೀರುವಿನ ತಳದಲ್ಲಿ ಬಿಳಿಯರ ಕಾಲದ ಕೈಪಿಡಿಯೊಂದು ಸಿಕ್ಕಿತು. ಅದರ ಮೂವತ್ತೊಂದನೆಯ ನಿಯಮ ಸ್ಫಟಿಕದಂತಿದೆ: ‘ಜನನದ ದಿನವು ತಿಳಿಯದಿದ್ದಲ್ಲಿ ಅಧಿಕಾರಿಯು ಆ ತಿಂಗಳ ಹದಿನೈದನೆಯ ತಾರೀಖನ್ನು ನಮೂದಿಸತಕ್ಕದ್ದು.’ ಎಷ್ಟು ಸುಂದರ! ತಪ್ಪಾದರೂ ಹದಿನಾರು ದಿನಕ್ಕಿಂತ ಹೆಚ್ಚು ತಪ್ಪಾಗಲು ಸಾಧ್ಯವೇ ಇಲ್ಲ.

ನಲವತ್ತಮೂರು ಪ್ರಮಾಣಪತ್ರಗಳನ್ನು ಒಂದೇ ದಿನದಲ್ಲಿ ಬರೆದೆ. ಎಲ್ಲವೂ 1976ರ ಆಗಸ್ಟ್ 15. ಮೊಹರು ಬೀರುವಿನಲ್ಲೇ ಇತ್ತು. ಸಾಹೇಬರು ಇಂಥ ಸಂದರ್ಭಕ್ಕೆಂದು ಖಾಲಿ ಕಾಗದಗಳ ಕೆಳಗೆ ಮೊದಲೇ ಸಹಿ ಮಾಡಿಟ್ಟಿದ್ದಾರೆ. ಅದನ್ನು ನಾಲ್ಕನೆಯ ಕಾರಣದ ಕೆಳಗೆ ಖಂಡಿಸಿ, ಇಂದಿನ ಮಟ್ಟಿಗೆ ಬಳಸಿಕೊಂಡೆ.

ಮಧ್ಯದಲ್ಲಿ ಅಂಪೊನ್ಸಾ ಕತ್ತು ಚಾಚಿ, “ಮೇಡಂ, ಹೆಸರು ಒಂಚೂರು ನೋಡಿ,” ಎಂದ. ಹೆಸರುಗಳೆಲ್ಲ ಸ್ಪಷ್ಟವಾಗಿವೆ, ಗೆದ್ದಲು ಮುಟ್ಟಿಲ್ಲ ಎಂದೆ. ಹೌದಾ ಎಂದು ಹೊರಗೆ ಹೋಗಿ ಕುಳಿತ. ಸಂಜೆ ಯಾಳಿಗೆ ಪ್ರಮಾಣಪತ್ರ ಕೊಟ್ಟೆ. ಅವಳಿಗೆ ಓದಲು ಬರುತ್ತದೆ, ಆದರೆ ಅವಳು ಓದಲಿಲ್ಲ. ಮೊಹರಿನ ಶಾಯಿಯನ್ನು ಮೂಸಿ ನೋಡಿ ಅತ್ತಳು. ಉಳಿದವರಿಗೆಲ್ಲ ಹೇಳಿಕಳುಹಿಸಿದ್ದೇನೆ.

ನಾನು ಎಳೆಯಲಿಲ್ಲ. ಓಡಿದೆ.

ನವೆಂಬರ್ 28, ಸೋಮವಾರ

ತರಬೇತಿ ಶಾಲೆಯ ಮುಖ್ಯಸ್ಥೆ ಯಾಳ ಪ್ರಮಾಣಪತ್ರವನ್ನು ಹಿಂದಿರುಗಿಸಿದ್ದಾರೆ. ಜೊತೆಗಿರುವ ಪತ್ರವನ್ನು ಸಾಕ್ಷ್ಯವಾಗಿ ಇಲ್ಲಿ ನಕಲು ಮಾಡುತ್ತೇನೆ: ‘1976ರ ಆಗಸ್ಟ್ 15 ಭಾನುವಾರ. ಯಾ ಎಂಬ ಹೆಸರಿನ ಮಗು ಭಾನುವಾರ ಹುಟ್ಟಿದ್ದನ್ನು ನನ್ನ ಮೂವತ್ತು ವರ್ಷಗಳ ಸೂಲಗಿತ್ತಿ ವೃತ್ತಿಯಲ್ಲಿ ನಾನು ಕಂಡಿಲ್ಲ. ಹುಡುಗಿ ಸುಳ್ಳೋ ಕಾಗದ ಸುಳ್ಳೋ ಎಂಬುದನ್ನು ಡಿಸೆಂಬರ್ 15ರೊಳಗೆ ತಿಳಿಸತಕ್ಕದ್ದು. ಇಲ್ಲವಾದರೆ ಸೀಟು ರದ್ದು.’

ಫೋಸುವಾ ಕೂಗಾಡಲಿಲ್ಲ. ಕೆಂಕೆಯ ಬೋಗುಣಿಯನ್ನು ತಲೆಯಿಂದ ಇಳಿಸಿ ಮೆಟ್ಟಿಲ ಮೇಲಿಟ್ಟು, ಸಂತೆಗೆ ಸಂತೆಯೇ ಕೇಳುವಂತೆ ನಕ್ಕಳು. ಅಷ್ಟರಲ್ಲಿ ಉಳಿದವರೂ ತಮ್ಮ ತಮ್ಮ ಕಾಗದ ಹಿಡಿದು ಬಂದರು. ಲಾರಿ ರಿಪೇರಿಯ ಕೋಫಿ, ಶುಕ್ರವಾರದವನು. ಕ್ಷೌರಿಕ ಕ್ವಾಬೆನಾ, ಮಂಗಳವಾರದವನು. ಎಲ್ಲರಿಗೂ ನಾನು ಭಾನುವಾರ ದಯಪಾಲಿಸಿದ್ದೆ. ನಮ್ಮಲ್ಲಿ ಭಾನುವಾರದ ಗಂಡಿಗೆ ಕ್ವಾಸಿ ಎಂದು ಹೆಸರು. ಬಿಳಿಯನನ್ನು ಹಾಸ್ಯ ಮಾಡಿ ಕರೆಯುವುದೂ ಕ್ವಾಸಿ ಎಂದೇ.

“ನೋಡ್ರಪ್ಪಾ,” ಎಂದಳು ಫೋಸುವಾ, ಕಾಗದವನ್ನು ಎತ್ತಿ ಹಿಡಿದು. “ಬಿಳಿಯರು ನಮ್ಮನ್ನ ಬಿಟ್ಟು ಹೋದ್ರು ಅಂತಿದ್ರಿ. ಎಲ್ಲಿ ಹೋದ್ರು? ಈ ಫಸ್ಟ್ ಕ್ಲಾಸ್ ಮೇಡಂ ನಲವತ್ತಮೂರು ಜನಾನ ಒಂದೇ ದಿನದಲ್ಲಿ ಬಿಳಿಯರನ್ನಾಗಿ ಮಾಡಿದಾಳೆ!”

ಕೋಫಿ ತನ್ನ ಎಣ್ಣೆಗಪ್ಪು ಮೆತ್ತಿದ ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಇನ್ನೂ ಬಣ್ಣ ಬಂದಿಲ್ಲ, ಮೊಹರು ಸರಿಯಾಗಿ ಬಿದ್ದಿಲ್ಲವೇನೋ ಎಂದ.

ಎಲ್ಲರೂ ನಕ್ಕರು. ಯಾ ನಗಲಿಲ್ಲ. ಅವಳು ಆ ಪತ್ರವನ್ನು ಮೊದಲಿದ್ದ ಮಡಿಕೆಗಳಲ್ಲೇ ಮತ್ತೆ ಮಡಚಲು ಪ್ರಯತ್ನಿಸುತ್ತಿದ್ದಳು.

ನವೆಂಬರ್ 29, ಮಂಗಳವಾರ

ಹದಿನಾಲ್ಕನೆಯ ಕಾರಣ ಸಿಕ್ಕಿದೆ. ಅದರ ಹೆಸರು ಅಬೆನಾ, ಅಂದರೆ ನಾನು. ಅವಳು ಹುಟ್ಟಿದ್ದು ಮಂಗಳವಾರ. ಇಪ್ಪತ್ತೆರಡು ವರ್ಷಗಳಿಂದ ಆ ವಾರವನ್ನು ಹೆಸರಿನಲ್ಲಿ ಹೊತ್ತುಕೊಂಡು ಓಡಾಡುತ್ತಿದ್ದಾಳೆ.

ಡಿಸೆಂಬರ್ 3, ಶನಿವಾರ

ತಿದ್ದುಪಡಿಗೆ ಸಾಹೇಬರ ಅನುಮತಿ ಬೇಕಾಗಿತ್ತು. ಸಾಹೇಬರು ಸಿಗುವ ಜಾಗ ಸಾವಿನ ಶಾಮಿಯಾನ. ಹೀಗಾಗಿ ಕಪ್ಪು ಬಟ್ಟೆ ಕೇಳಿ ಪಡೆದು ಉಟ್ಟು ನಾನೂ ಹೋದೆ.

ಸಾಹೇಬರನ್ನು ಮಾತನಾಡಿಸುವ ಮೊದಲೇ ಒಂದು ಅಚ್ಚರಿ ಕಂಡೆ. ಶಾಮಿಯಾನದ ಬಾಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಅಂಪೊನ್ಸಾ. ಊರಿನ ಸಾವಿನ ಸಂಘಕ್ಕೆ ಇಪ್ಪತ್ತಾರು ವರ್ಷಗಳಿಂದ ಇವನೇ ಕಾರ್ಯದರ್ಶಿಯಂತೆ. ಬೆಳಿಗ್ಗೆ ಆರಕ್ಕೇ ಬಂದು ಕುಳಿತಿದ್ದನಂತೆ! ಅವನ ಮುಂದಿದ್ದ ಪುಸ್ತಕಕ್ಕೆ ನೀಲಿ ಬಟ್ಟೆಯ ಹೊದಿಕೆ. ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದ. ಸತ್ತವರ ಹೆಸರು, ದಿನ, ವಾರ, ನಲವತ್ತನೆಯ ದಿನದ ವಿಧಿ, ಬಂದವರಲ್ಲಿ ಯಾರ ಪಕ್ಕದಲ್ಲಿ ಯಾರು ಕೂರಬಾರದು, ಎಲ್ಲವೂ ಅದರಲ್ಲಿದೆ. ಹಳೆಯ ಪುಟಗಳನ್ನು ತಿರುವಿದೆ. ಒಂದೂ ಚಿತ್ತಿಲ್ಲ. ಗೆದ್ದಲಿಗೂ ಅದರ ಹತ್ತಿರ ಸುಳಿಯಲು ಧೈರ್ಯವಿದ್ದಂತಿಲ್ಲ.

ನನಗೆ ಸಿಟ್ಟು ಬಂತು. ಇಲ್ಲಿ ಇಷ್ಟು ಅಚ್ಚುಕಟ್ಟಾಗಿರುವವನು ಅಲ್ಲಿ ಏಕೆ ಹಾಗೆ ಎಂದು ನೇರವಾಗಿ ಕೇಳಿದೆ. ಅವನು ಬರೆಯುವುದನ್ನು ನಿಲ್ಲಿಸದೆ ಹೇಳಿದ:

“ಇಲ್ಲಿ ತಪ್ಪು ಬರೆದ್ರೆ ನಾಳೆ ನನ್ನ ಸಾವಿಗೆ ಯಾರೂ ಬರಲ್ಲ. ಅಲ್ಲಿ ತಪ್ಪು ಬರೆದ್ರೆ? ಅಬಾನ್ ಸತ್ರೆ ಅಳೋಕೆ ಯಾರು ಹೋಗ್ತಾರೆ, ನೀವೇ ಹೇಳಿ.”

ಹಾಗಾದರೆ ವಾರದ ವಿಷಯವನ್ನು ಅಂದೇ ಏಕೆ ಹೇಳಲಿಲ್ಲ ಎಂದೆ. ಹೇಳಿದೆನಲ್ಲ, ಹೆಸರು ನೋಡಿ ಎಂದೆನಲ್ಲ ಎಂದ. ಎರಡನೆಯ ಸಲ ಏಕೆ ಹೇಳಲಿಲ್ಲ? “ಎರಡನೇ ಸಲ ಹೇಳೋದು ಸ್ವಂತದೋರಿಗೆ.”

ಸಾಹೇಬರು ದೂರದಲ್ಲಿ, ಮೊದಲನೆಯ ಸಾಲಿನಲ್ಲಿ ಕುಳಿತಿದ್ದರು. ಸರಿಯಾದ ತಾರೀಖುಗಳೇ ಕೈಯಲ್ಲಿಲ್ಲದೆ ಏನೆಂದು ಅನುಮತಿ ಕೇಳಲಿ ಎಂದು ಹತ್ತಿರ ಹೋಗಲಿಲ್ಲ. ಹಿಂದಿರುಗುವಾಗ ಅಂಪೊನ್ಸಾ ನನ್ನೊಡನೆ ಸ್ವಲ್ಪ ದೂರ ನಡೆದು ಬಂದು, ಯಾವ ಮಗು ಯಾವಾಗ ಹುಟ್ಟಿತೆಂದು ತಿಳಿಯಬೇಕಾದರೆ ಊರ ಹೆಂಗಸರಿಗೆಲ್ಲ ಒಡತಿಯಾದ ರಾಣಿತಾಯಿಯನ್ನು ಕೇಳಬೇಕು, ಬೀರುವನ್ನಲ್ಲ ಎಂದ. ಇದು ಎರಡನೆಯ ಸಲ ಹೇಳಿದ್ದೋ ಮೊದಲನೆಯ ಸಲವೋ ಎಂದು ಕೇಳಬೇಕೆನಿಸಿತು.

ಡಿಸೆಂಬರ್ 7, ಬುಧವಾರ

ರಾಣಿತಾಯಿ ನಾನಾ ಸಾಫೋವಾ ಅವರ ಅಂಗಳ. ‘ನಾನಾ’ ಎಂಬುದು ಊರಿನ ಮುಖ್ಯಸ್ಥರಿಗೂ ರಾಣಿತಾಯಿಗೂ ಸಲ್ಲುವ ಗೌರವಪದ. ಕಚೇರಿಯ ರಿಜಿಸ್ಟರನ್ನು ಹೊರಗೆ ಕೊಂಡೊಯ್ಯುವುದು ಎರಡನೆಯ ನಿಯಮದ ಉಲ್ಲಂಘನೆ. ಕೊಂಡೊಯ್ದೆ. ವೋಫಾ ಅದನ್ನು ಸಾವಿನ ಸಂಘದ ನೀಲಿ ಬಟ್ಟೆಯಲ್ಲಿ ಸುತ್ತಿದರು. ಒಂದು ಬಾಟಲಿ ಜಿನ್ ತರಬೇಕೆಂದಾಗ, ಇದು ಲಂಚವಲ್ಲವೇ ಎಂದು ಪ್ರತಿಭಟಿಸಿದೆ. ಲಂಚ ಕೊಟ್ಟರೆ ಕೆಲಸ ಆಗುತ್ತದೆ, ಇದು ಕೊಡದಿದ್ದರೆ ನಮಸ್ಕಾರವೇ ಆಗುವುದಿಲ್ಲ ಎಂದು ವೋಫಾ ವಿವರಿಸಿದರು.

ರಾಣಿತಾಯಿ ತೀರ ಸಣ್ಣ ದೇಹದ ಮುದುಕಿ. ಅವರೊಡನೆ ನೇರವಾಗಿ ಮಾತನಾಡುವಂತಿಲ್ಲ. ಎಲ್ಲವೂ ದಂಡ ಹಿಡಿದು ಪಕ್ಕದಲ್ಲಿ ನಿಂತ ನುಡಿಗಾರನ ಮೂಲಕ. ನಾನು ಹನ್ನೆರಡು ನಿಮಿಷ, ಮೂರು ಭಾಗಗಳಲ್ಲಿ ಮಾತನಾಡಿದೆ: ದಾಖಲೆಯ ಮಹತ್ವ, ಗೆದ್ದಲಿನ ಪಾತ್ರ, ಮೂವತ್ತೊಂದನೆಯ ನಿಯಮದ ಮಿತಿ. ನುಡಿಗಾರ ಕೊನೆಯವರೆಗೂ ಕೇಳಿ ಗಂಟಲು ಸರಿಮಾಡಿಕೊಂಡ.

“ನಾನಾ, ಮಗು ತಪ್ಪು ಮಾಡಿದೆ. ಸಹಾಯ ಕೇಳ್ತಿದೆ.”

ನಾನು ಆಕ್ಷೇಪಿಸಿದೆ. ತಪ್ಪಿನಲ್ಲಿ ಕನಿಷ್ಠ ಅರ್ಧ ಭಾಗ ಕೈಪಿಡಿಯದೆಂದು ನಾನು ಸ್ಪಷ್ಟವಾಗಿ ಹೇಳಿದ್ದೆನೆಂದೆ. ನುಡಿಗಾರ ಮತ್ತೆ ಅತ್ತ ತಿರುಗಿದ.

“ನಾನಾ, ಮಗು ಎರಡು ಸಲ ತಪ್ಪು ಮಾಡಿದೆ.”

ರಾಣಿತಾಯಿಯ ಭುಜಗಳು ಬಹಳ ಹೊತ್ತು ಕುಲುಕಿದವು. ಆಮೇಲೆ ಅವರು ಹೆಂಗಸರನ್ನು ಕರೆಸಿದರು.

ಹೆರಿಗೆಯಾದವರು, ಹೆರಿಗೆ ಮಾಡಿಸಿದವರು, ಹೆರಿಗೆಯ ಸುದ್ದಿಯನ್ನು ಮೊದಲು ಕೇಳಿದ್ದು ತಾವೇ ಎಂದು ಹದಿನೆಂಟು ವರ್ಷಗಳಿಂದ ಹೇಳಿಕೊಂಡು ಬಂದವರು, ಎಲ್ಲರೂ ಬಂದು ಕುಳಿತರು. ವಾರವನ್ನು ಹೆಸರೇ ಹೇಳುತ್ತದೆ. ಯಾವ ವಾರವೆಂಬುದೊಂದೇ ಪ್ರಶ್ನೆ. ಕೋಕೋ ಗೋದಾಮಿನ ಛಾವಣಿ ಹಾರಿಹೋದ ಶುಕ್ರವಾರ. ಪಾದ್ರಿಗೆ ಹಾವು ಕಚ್ಚಿ, ಪಾದ್ರಿ ಬದುಕಿ, ಹಾವು ಸತ್ತ ಮಂಗಳವಾರ.

“ಯಾ ಹುಟ್ಟಿದ್ದು ಹಳೇ ನಾನಾ ಅವರ ನಲವತ್ತನೇ ದಿನಕ್ಕೆ ಮುಂಚಿನ ಗುರುವಾರ,” ಎಂದರು ಆಂಟಿ ಫೋಸುವಾ. “ಸೂತಕ ಅಂತ ಡೋಲು ಬಾರಿಸೋಕೆ ಬಿಟ್ಟಿರ್ಲಿಲ್ಲ. ನಾನು ಕೂಗಿದ್ದು ಊರಿಗೆಲ್ಲ ಕೇಳಿಸ್ತು ಅಂತ ನಮ್ಮತ್ತೆ ಇವತ್ತಿಗೂ ಆಡ್ಕೋತಾಳೆ.”

ವೋಫಾ ಸಾವಿನ ಸಂಘದ ಪುಸ್ತಕವನ್ನು ತೆರೆದರು. ಹಳೆಯ ಮುಖ್ಯಸ್ಥರ ನಲವತ್ತನೆಯ ದಿನ: 1976ರ ಆಗಸ್ಟ್ 14, ಶನಿವಾರ. ಹಾಗಾದರೆ ಯಾ ಹುಟ್ಟಿದ್ದು ಆಗಸ್ಟ್ 12.

ನಾನು ಬರೆದುಕೊಂಡೆ. ಒಬ್ಬರ ಸಾವಿನ ಲೆಕ್ಕದಿಂದ ಇನ್ನೊಬ್ಬಳ ಹುಟ್ಟು ಸಿಕ್ಕಿತು. ಇಂಥ ವಿಧಾನ ಯಾವ ಕೈಪಿಡಿಯಲ್ಲೂ ಇಲ್ಲ.

ಸಂಜೆಯೊಳಗೆ ನಲವತ್ತೆರಡು ದಿನಗಳು ಸಿಕ್ಕವು. ಉಳಿದವನು ಒಬ್ಬ ಕ್ವಾಸಿ. ಅವನು ನಿಜವಾಗಿಯೂ ಆಗಸ್ಟ್ 15ರ ಭಾನುವಾರವೇ ಹುಟ್ಟಿದವನು, ಅವನ ಕಾಗದ ಮೊದಲಿನಿಂದಲೂ ಸರಿಯಿತ್ತು. ಎಲ್ಲರಿಗೂ ಹೊಸತು ಕೊಟ್ಟು ತನಗೊಬ್ಬನಿಗೆ ಕೊಡದಿರುವುದು ಅನ್ಯಾಯವೆಂದು ಅವನು ಜಗಳವಾಡುತ್ತಿದ್ದಾನೆ.

ಆಂಟಿ ಫೋಸುವಾ ಕೊಟ್ಟ ಕೆಂಕೆ ತಿಂದೆ. ಮೂರು.

ಡಿಸೆಂಬರ್ 12, ಸೋಮವಾರ

ತಿದ್ದಿದ ಪ್ರಮಾಣಪತ್ರಗಳು ಸಿದ್ಧವಾಗಿವೆ. ಮೊದಲೇ ಸಹಿ ಹಾಕಿಟ್ಟ ಕಾಗದಗಳು ಮುಗಿದಿವೆ. ಎರಡು ಲಾರಿ ಬದಲಿಸಿ ಸಾಹೇಬರ ತಾಯಿಯೂರಿಗೆ ಹೋದೆ. ಅವರು ಮೃದುವಾಗಿ ಹೇಳಿದರು: ಹೊಸದಾಗಿ ಬರೆಯುವುದಾದರೆ ಎಷ್ಟು ಬೇಕಾದರೂ ಸಹಿ ಮಾಡಬಹುದು, ಬರೆದದ್ದನ್ನು ತಿದ್ದುವುದಾದರೆ ಪ್ರಾಂತ ಕಚೇರಿಯ ಅಪ್ಪಣೆ ಬೇಕು. ಅದಕ್ಕೆ ತೊಂಬತ್ತು ದಿನ. ಯಾಳಿಗೆ ಉಳಿದಿರುವುದು ಮೂರು.

“ತಪ್ಪಿರೋ ಕಾಗದಕ್ಕೆ ಅಡ್ಡಿ ಇಲ್ಲ, ಸರಿಯಿರೋ ಕಾಗದಕ್ಕೆ ಅಡ್ಡಿನಾ ಸರ್?” ಎಂದೆ.

“ತಪ್ಪಿದ್ರೆ ಯಾರೂ ನನ್ನ ಕೇಳಲ್ಲ ಮಗು. ತಿದ್ದಿದ್ರೆ ಕೇಳ್ತಾರೆ.”

ಹಿಂದಿರುಗುವ ಲಾರಿಯಲ್ಲಿ ಜಾಗವಿರಲಿಲ್ಲ. ಗೆಣಸಿನ ರಾಶಿಯ ಮೇಲೆ ಕುಳಿತು ಬಂದೆ. ಇಂದು ಕಾರಣಗಳ ಪಟ್ಟಿಯನ್ನು ತೆರೆಯಲಿಲ್ಲ.

ಡಿಸೆಂಬರ್ 14, ಬುಧವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ವೋಫಾ ಕಚೇರಿಗೆ ಬರಲಿಲ್ಲ, ಹಾಜರಿ ಪುಸ್ತಕದಲ್ಲಿ ಸಹಿಯೂ ಇರಲಿಲ್ಲ. ನಾನು ಕಂಡಂತೆ ಅವರ ಮೊದಲ ಪ್ರಾಮಾಣಿಕ ಗೈರುಹಾಜರಿ. ರಿಜಿಸ್ಟರನ್ನು ಎತ್ತಿಕೊಂಡು ರಾಣಿತಾಯಿಯ ಬಳಿ ಹೋಗಿದ್ದರಂತೆ. ಸಾಹೇಬರು ತಮ್ಮ ವಂಶಕ್ಕೆ ಯಜಮಾನರಿರಬಹುದು, ಆದರೆ ಆ ವಂಶದ ಜಗಲಿ ಇರುವುದು ರಾಣಿತಾಯಿಯ ನೆಲದ ಮೇಲೆ.

ಇಂದು ಏಳು ಇಪ್ಪತ್ತಕ್ಕೆ ಬಂದಾಗ ಕಚೇರಿಯ ಬಾಗಿಲು ತೆರೆದಿತ್ತು. ಒಳಗೆ ಕುರ್ಚಿ, ಕುರ್ಚಿಯಲ್ಲಿ ಕೋಟು, ಕೋಟಿನೊಳಗೆ ಸಾಹೇಬರು! ಎರಡು ತಿಂಗಳಿಂದ ಕೋಟನ್ನು ಖಾಲಿಯಾಗಿಯೇ ನೋಡಿ ಅಭ್ಯಾಸವಾಗಿದ್ದರಿಂದ ಒಂದು ಕ್ಷಣ ಗಾಬರಿಯಾಯಿತು.

ರಾಣಿತಾಯಿಯ ಅಂಗಳದ ದಿಕ್ಕಿನಿಂದ ಹೆಂಗಸರು ಬರುತ್ತಿದ್ದರು. ಮುಂದೆ ನುಡಿಗಾರ, ಅವನ ಹಿಂದೆ ಆಂಟಿ ಫೋಸುವಾ. ಅವರ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ, ಕೆಂಕೆಯ ಬೋಗುಣಿ ಇರಬೇಕಾದ ಜಾಗದಲ್ಲಿ, ನೀಲಿ ಬಟ್ಟೆಯಲ್ಲಿ ಸುತ್ತಿದ ನಮ್ಮ ರಿಜಿಸ್ಟರು. ಕತ್ತು ಅಲ್ಲಾಡಿಸದೆ, ಕೈ ಹಿಡಿಯದೆ, ಮೆಟ್ಟಿಲು ಹತ್ತಿ ಬಂದರು. ವೋಫಾ ಬಾಗಿಲಲ್ಲಿ ನಿಂತಿದ್ದವರು ಪಕ್ಕಕ್ಕೆ ಸರಿದು ನನ್ನ ಕಡೆ ನೋಡಿದರು.

ನುಡಿಗಾರ ದಂಡವನ್ನು ನೆಲಕ್ಕೂರಿ ಸಾಹೇಬರಿಗೆ ಒಂದೇ ಮಾತು ಹೇಳಿದ.

“ಸಾಹೇಬ್ರ ಕೋಟು ಆರೋಗ್ಯವಾಗಿದೆಯಾ ಅಂತ ನಾನಾ ಕೇಳ್ತಿದಾರೆ.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಪ್ರಾಂತ ಕಚೇರಿಯವರು ಕೇಳಿದರೆ ಏನು ಹೇಳಲಿ ಎಂದು ಗೊಣಗಿದರು. ಬರೆದದ್ದೂ ಅಬೆನಾ, ತಿದ್ದಿದ್ದೂ ಅಬೆನಾ ಎಂದು ಹೇಳಿ ಎಂದೆ. ನಲವತ್ತೆರಡು ಸಹಿಗಳು. ಕ್ವಾಸಿಗೂ ಒಂದು, ಜಗಳ ತಡೆಯಲಾಗದೆ.

ಯಾ ಹನ್ನೊಂದರ ಲಾರಿ ಹತ್ತಿದಳು. ಈ ಸಲ ಕಾಗದವನ್ನು ಹತ್ತುವ ಮೊದಲೇ ಪೂರ್ತಿ ಓದಿದಳು, ಎರಡು ಸಲ. ಸರಿಯಾದ ಬುದ್ಧಿ.

ನಾಳೆ ಗುರುವಾರ.

ಫೆಬ್ರವರಿ 9, 1995, ಗುರುವಾರ

ಬಹಳ ದಿನಗಳಿಂದ ಬರೆದಿಲ್ಲ. ಸಮಯವಾಗಲಿಲ್ಲ.

ಇಂದು ಎಂಟು ನಲವತ್ತಕ್ಕೆ ಕಚೇರಿಗೆ ಬಂದೆ. ದಾರಿಯಲ್ಲಿ ಇಬ್ಬರು ಹುಟ್ಟಿದ್ದರು, ಬರೆದುಕೊಳ್ಳುತ್ತ ನಿಂತೆ. ಬುಧವಾರಗಳಂದು ರಾಣಿತಾಯಿಯ ಅಂಗಳದಲ್ಲೇ ಕೂರುತ್ತೇವೆ. ಹೆಂಗಸರು ಬಂದು ಹೇಳುತ್ತಾರೆ, ನಾನು ಬರೆಯುತ್ತೇನೆ, ವೋಫಾ ತಪ್ಪು ಹಿಡಿಯುತ್ತಾರೆ. ಈಗ ಎರಡೆರಡು ಸಲ ಹೇಳುತ್ತಾರೆ, ಕೆಲವೊಮ್ಮೆ ಮೂರು ಸಲ, ಕಿರಿಕಿರಿಯಾಗುತ್ತದೆ.

ಹೊಸ ರಿಜಿಸ್ಟರಿನಲ್ಲಿ ತಾರೀಖಿನ ಪಕ್ಕ ಸ್ಕೇಲಿಟ್ಟು ಒಂದು ಗೆರೆ ಎಳೆದು ‘ವಾರ’ ಎಂಬ ಕಾಲಂ ಮಾಡಿದ್ದೇನೆ. ತಾರೀಖು ಸುಳ್ಳು ಹೇಳಿದರೆ ವಾರ ಹಿಡಿದುಕೊಡುತ್ತದೆ. ಗೆದ್ದಲು ಒಂದನ್ನು ತಿಂದರೆ ಇನ್ನೊಂದು ಉಳಿಯುತ್ತದೆ. ಆಂಟಿ ಫೋಸುವಾ ನಮ್ಮ ರಿಜಿಸ್ಟರಿಗೂ ಒಂದು ಬಟ್ಟೆ ಹೊಲಿದುಕೊಟ್ಟಿದ್ದಾರೆ, ಹಳದಿ.

ಯಾ ಪತ್ರ ಬರೆದಿದ್ದಾಳೆ. ಮುಖ್ಯಸ್ಥೆ ಅವಳನ್ನು ‘ಭಾನುವಾರದ ಯಾ’ ಎಂದೇ ಕರೆಯುತ್ತಾರಂತೆ.

ಪ್ರಬಂಧವನ್ನು ಬರೆಯಲು ಕುಳಿತೆ. ಹದಿಮೂರು ಕಾರಣಗಳಲ್ಲಿ ನಾಲ್ಕು ಕಾಣಿಸುತ್ತಿಲ್ಲ. ಬಹುಶಃ ಆ ಹಾಳೆಯಲ್ಲಿ ಕೆಂಕೆ ಕಟ್ಟಿರಬೇಕು.

ಏಪ್ರಿಲ್ 3, ಸೋಮವಾರ

ಮಾರ್ಚ್ 31 ಕಳೆದ ಶುಕ್ರವಾರವೇ ಆಗಿಹೋಯಿತೆಂದು ಇಂದು ರಿಜಿಸ್ಟರು ಬರೆಯುವಾಗ ಗಮನಕ್ಕೆ ಬಂತು. ಆ ದಿನ ನಮ್ಮಲ್ಲಿ ನಾಲ್ವರು ಹುಟ್ಟಿದ್ದಾರೆ: ಇಬ್ಬರು ಕೋಫಿಗಳು, ಇಬ್ಬರು ಅಫಿಯಾಗಳು. ಎಲ್ಲರೂ ಶುಕ್ರವಾರದವರು. ಎಲ್ಲವೂ ಸರಿಯಿದೆ.

ಮೇ 16, ಮಂಗಳವಾರ

ಪ್ರಾಂತ ಕಚೇರಿಯಿಂದ ಪತ್ರ ಬಂದಿದೆ. ಒನ್ಯಿನಾಸೆಯ ರಿಜಿಸ್ಟರಿನಲ್ಲಿ ಮಂಜೂರಾದ ನಮೂನೆಯಲ್ಲಿಲ್ಲದ ಕಾಲಂ ಒಂದು ಕಂಡುಬಂದಿದೆ. ರಾಷ್ಟ್ರೀಯ ಸೇವೆಯಲ್ಲಿರುವ ಕುಮಾರಿ ಅಬೆನಾ ಡುಫಿಯೆ ಅವರು ಅದನ್ನು ಏಳು ದಿನಗಳೊಳಗೆ ಅಳಿಸಿ ವರದಿ ಮಾಡತಕ್ಕದ್ದು. ತಪ್ಪಿದಲ್ಲಿ ಅವರಿಗೆ ಸೇವೆ ಪೂರೈಸಿದ ಪತ್ರವನ್ನು ನೀಡಲಾಗುವುದಿಲ್ಲ. ಆ ಪತ್ರವಿಲ್ಲದೆ ಈ ದೇಶದಲ್ಲಿ ನನಗೆ ಯಾವ ಕೆಲಸವೂ ಸಿಗುವುದಿಲ್ಲ, ಪ್ರಥಮ ದರ್ಜೆಯಿದ್ದರೂ.

ಉತ್ತರ ರಿಜಿಸ್ಟ್ರಾರರ ಮೂಲಕ ಹೋಗಬೇಕು. ಸಾಹೇಬರಿಗೆ ತೋರಿಸಿದೆ. ಓದಿದರು, ಎದ್ದರು, ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದರು.

“ಈ ಕಾಗದ ಬಂದಾಗ ನಾನು ಸೀಟಲ್ಲಿರ್ಲಿಲ್ಲ ಮಗು,” ಎಂದರು. “ನೀನು ಏನು ಬರೀತೀಯೋ ಅದನ್ನೂ ನಾನು ನೋಡಿಲ್ಲ.” ಹೊರಗೆ ಹೋಗುವಾಗ ಮೊಹರನ್ನು ಮೇಜಿನ ಮೇಲೆ ಮರೆತುಹೋದರು. ಅವರು ಮೊಹರು ಮರೆಯುವವರಲ್ಲ.

ನಾಲ್ಕು ಪುಟಗಳ ಉತ್ತರ ಬರೆದೆ. ವಾರದ ಕಾಲಮ್ಮಿನ ಅಗತ್ಯ, ಮೂವತ್ತೊಂದನೆಯ ನಿಯಮದ ದೋಷ, ನಲವತ್ತಮೂರು ಪ್ರಕರಣಗಳ ವಿವರ, ಕೊನೆಯಲ್ಲಿ ಐದು ಶಿಫಾರಸುಗಳು. ನಾನು ಬರೆದವುಗಳಲ್ಲಿ ಇದೇ ಶ್ರೇಷ್ಠವೆಂದು ಧೈರ್ಯವಾಗಿ ಹೇಳಬಲ್ಲೆ. ವೋಫಾ ಕೈ ಒರೆಸಿಕೊಂಡು ನಾಲ್ಕೂ ಪುಟಗಳನ್ನು ಓದಿದರು.

“ಚೆನ್ನಾಗಿದೆ ಮಗಳೇ. ಇದನ್ನ ನುಡಿಗಾರನ ಕೈಗೆ ಕೊಟ್ರೆ ಎಷ್ಟು ಮಾತಲ್ಲಿ ಹೇಳ್ತಾನೆ?”

ಹೊಸ ಕಾಗದ ತೆಗೆದುಕೊಂಡು ಮತ್ತೊಮ್ಮೆ ಬರೆದು ಮೊಹರು ಒತ್ತಿದೆ. ಆಂಟಿ ಫೋಸುವಾ ಅಂಚೆ ಕಚೇರಿಯ ಕಡೆಗೇ ಹೊರಟಿದ್ದರು. ಲಕೋಟೆಯನ್ನು ಬೋಗುಣಿಯ ಮೇಲಿಟ್ಟುಕೊಂಡು ಹೋದರು. ನಕಲನ್ನು ಇಲ್ಲಿ ಬರೆದಿಡುತ್ತೇನೆ:

‘ಮಾನ್ಯರೇ, ವಾರದ ಕಾಲಮ್ಮನ್ನು ನಾನು ಅಳಿಸುವುದಿಲ್ಲ.’